ಈಡಿನ ಪಾಲು

ಗುತ್ಯಪ್ಪನಿಗೆ ತನ್ನ ಷಡ್ಡಕ ಚಂದ್ರಯ್ಯನನ್ನು ಕಂಡರೆ ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ದೀಪಾವಳಿಯವರೆಗೂ ಚೆನ್ನಾಗಿಯೇ ಆಗುತ್ತಿತ್ತು. ತನಗಿಂತ ಕೆಳಗಿರುವವನ ಮೇಲೆ ಯಾರಿಗೆ ತಾನೇ ಪ್ರೀತಿ ಇರುವುದಿಲ್ಲ? ಚಂದ್ರಯ್ಯ ಚಿಕ್ಕ ಅಳಿಯ. ಸಾಗರದಿಂದ ಕುಂದಾಪುರಕ್ಕೆ ಹುಲಿಕಲ್ ಘಾಟಿಯ ಮೇಲೆ ಲಾರಿ ಓಡಿಸುವವನು. ಗುತ್ಯಪ್ಪ ಹಿರಿಯ ಅಳಿಯ, ಅದೇ ಘಾಟಿಯ ರಸ್ತೆ ಗ್ಯಾಂಗಿನಲ್ಲಿ ಕೆಲಸ, ವಯಸ್ಸು ಐವತ್ತೆರಡು. ಇದೆಲ್ಲಕ್ಕಿಂತ ದೊಡ್ಡ ಮಾತೆಂದರೆ, ಗುತ್ಯಪ್ಪ ಈಡುಗಾರ. ಅವನ ಕೋವಿಯ ಗುರಿ ಹೊಸನಗರ ತಾಲ್ಲೂಕಿಗೇ ಗೊತ್ತಿತ್ತು.

ಹಿಂದೆ ಊರವರೆಲ್ಲ ಸೇರಿ ಬೇಟೆಗೆ ಹೋಗುತ್ತಿದ್ದ ಕಾಲದಲ್ಲಿ ಹಂದಿ ಬಿದ್ದರೆ, ಈಡು ಹೊಡೆದವನಿಗೆ ಒಂದು ಹಿಂಗಾಲು ಮೀಸಲು. ಉಳಿದದ್ದು ಎಲ್ಲರಿಗೂ ಸಮ. ಆ ಹಿಂಗಾಲಿಗೆ ಈಡಿನ ಪಾಲು ಎಂದು ಹೆಸರು. ಸರ್ಕಾರ ಬೇಟೆ ನಿಲ್ಲಿಸಿ ಹತ್ತು ವರ್ಷದ ಮೇಲಾಯಿತು. ಕೋವಿ ಈಗ ಗದ್ದೆ ಕಾಯುವುದಕ್ಕೆ ಮಾತ್ರ, ಅದೂ ಹೆಚ್ಚಾಗಿ ಸದ್ದು ಮಾಡುವುದಕ್ಕೆ. ಆದರೆ ಸಾಗರದಲ್ಲಿದ್ದ ಅತ್ತೆ ಮಾಸ್ತಮ್ಮ ಪದ್ಧತಿ ಬಿಡುವ ಹೆಂಗಸಲ್ಲ. ದೀಪಾವಳಿಯ ಮರುದಿನ ಕೋಳಿ ಸಾರು, ಕಡುಬು ಮಾಡಿ ಇಬ್ಬರು ಅಳಿಯಂದಿರನ್ನೂ ಕೂರಿಸಿದಾಗ, ಕೋಳಿಯ ಇಡೀ ತೊಡೆಯನ್ನು ಗುತ್ಯಪ್ಪನ ಎಲೆಗೆ ಹಾಕಿ, "ಈಡುಗಾರನ ಪಾಲು" ಎನ್ನುತ್ತಿದ್ದಳು. ಹಂದಿಯ ಕಾಲು ಕೋಳಿಯ ಕಾಲಾಗಿ ಸಣ್ಣದಾಗಿತ್ತು, ಮರ್ಯಾದೆ ಸಣ್ಣದಾಗಿರಲಿಲ್ಲ. ಆ ಒಂದು ತುಂಡಿಗಾಗಿ ಗುತ್ಯಪ್ಪ ವರ್ಷವಿಡೀ ಕಾಯುತ್ತಿದ್ದ, ಆದರೆ ಯಾರಿಗೂ ಹೇಳುತ್ತಿರಲಿಲ್ಲ.

ಎಂಬತ್ತೈದನೆಯ ಇಸವಿಯ ದೀಪಾವಳಿಗೆ ಚಂದ್ರಯ್ಯ ಒಂದು ಮಿಷನ್ನು ತಂದ. ಭಟ್ಕಳದಲ್ಲಿ ಫಾರಿನ್ ಸಾಮಾನು ಮಾರುವ ಅಂಗಡಿಯಲ್ಲಿ ಕೊಂಡದ್ದಂತೆ. ನೋಡಲು ದುರ್ಬೀನಿನ ಹಾಗೆ ಇತ್ತು, ಎರಡು ಕಣ್ಣಿಗೂ ಒತ್ತಿ ಹಿಡಿಯಬೇಕು. ಮೇಲ್ಗಡೆ ಒಂದು ಸಣ್ಣ ಕಿಟಕಿ, ಅದರ ಮೇಲೆ ಬಿಸಿಲು ಬಿದ್ದರೇ ಒಳಗೆ ಚಿತ್ರ. ಒಳಗೆ ಆಕಾಶ, ಆಕಾಶದಲ್ಲಿ ದೂರದಿಂದ ಬರುವ ವಿಮಾನ. ಅದು ಹತ್ತಿರಕ್ಕೆ ಬಂತು ಎನ್ನುವಾಗ ಗುಂಡಿ ಒತ್ತಿದರೆ ಢಮಾರ್. ಮೊದಲೇ ಒತ್ತಿದರೆ ಗುಂಡು ದಂಡ.

"ಭಾವ, ಅದು ಮೂಗಿನ ತುದಿಗೇ ಬಂದ ಹಾಗೆ ಕಾಣ್ತದೆ. ಕೈ ಚಾಚಿದ್ರೆ ಸಿಗ್ತದೇನೋ ಅನ್ನಿಸ್ತದೆ," ಎಂದ ಚಂದ್ರಯ್ಯ.

ಅಂಗಳದ ಬಿಸಿಲಿನಲ್ಲಿ ಮನೆಮಂದಿಯೆಲ್ಲ ಸರದಿಯಲ್ಲಿ ನಿಂತರು. ಚಂದ್ರಯ್ಯ ಮುನ್ನೂರ ಎಂಬತ್ತು ಹೊಡೆದ. ಅವನ ಹೆಂಡತಿ ಇನ್ನೂರು. ದೇವರ ದೀಪದ ಬತ್ತಿಯನ್ನೇ ಎರಡು ಸಲ ತಡವಿ ಹಚ್ಚುವ ಮಾಸ್ತಮ್ಮ ಕೂಡ ಕಿರುಚಾಡುತ್ತ ನಲವತ್ತು ಹೊಡೆದಳು. ಆಮೇಲೆ ಎಲ್ಲರೂ ಈಡುಗಾರನಿಗೆ ದಾರಿ ಬಿಟ್ಟರು.

ಗುತ್ಯಪ್ಪ ಮಿಷನ್ನನ್ನು ಕಣ್ಣಿಗೆ ಒತ್ತಿದ. ಕಾಲು ಅಗಲಿಸಿ, ಉಸಿರು ಹಿಡಿದು, ಅಪ್ಪ ಕಲಿಸಿದಂತೆ ಗುರಿ ನೋಡಿದ. ವಿಮಾನಗಳು ಕಂಡವು. ಆದರೆ ದೂರವೂ ಇಲ್ಲ, ಹತ್ತಿರವೂ ಇಲ್ಲ, ಬಟ್ಟೆಯ ಮೇಲೆ ಕೂತ ತಿಗಣೆಗಳ ಹಾಗೆ ಎಲ್ಲವೂ ಒಂದೇ ಸಮನೆ ಕಂಡವು. ಯಾವಾಗ ಒತ್ತಬೇಕೆಂದೇ ತಿಳಿಯಲಿಲ್ಲ. ಒತ್ತಿದ್ದೆಲ್ಲ ದಂಡವಾಯಿತು. ಕೊನೆಗೆ ಹನ್ನೆರಡು.

"ಮಿಷನ್ನೇ ಸರಿ ಇಲ್ಲ," ಎಂದ. ಯಾರೂ ಎದುರಾಡಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಊಟಕ್ಕೆ ಕೂತಾಗ ಪದ್ಧತಿಯಂತೆ ಗುತ್ಯಪ್ಪ ಸಾಲಿನ ಮೊದಲಿಗೆ, ಬಲಕ್ಕೆ ಗೋಡೆ, ಎಡಕ್ಕೆ ಚಂದ್ರಯ್ಯ. ಮಾಸ್ತಮ್ಮ ಸೌಟಿನಲ್ಲಿ ತೊಡೆಯನ್ನು ಹಿಡಿದು ಬಂದಳು. ಗುತ್ಯಪ್ಪ ನೋಡದವನಂತೆ ನೋಡುತ್ತಿದ್ದ. ಸೌಟು ಅವನ ಎಲೆಯನ್ನು ದಾಟಿ ಮುಂದೆ ಹೋಯಿತು.

"ಇವತ್ತಿನ ಈಡು ಚಂದ್ರಯ್ಯಂದು," ಎಂದು ಮಾಸ್ತಮ್ಮ ನಕ್ಕಳು.

ತಮಾಷೆಗೆ ಅಂದದ್ದು, ನಿಜ. ಆದರೆ ಗುತ್ಯಪ್ಪನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಕಾಗೆಯನ್ನೂ ಹೊಡೆಯದ ಲಾರಿ ಡ್ರೈವರಿಗೆ ಈಡಿನ ಪಾಲು! ಅವನು ಚಂದ್ರಯ್ಯನತ್ತ ನೋಡಲಾರದೆ ಮುಖವನ್ನು ಪೂರ್ತಿ ಗೋಡೆಯ ಕಡೆಗೆ ತಿರುಗಿಸಿಕೊಂಡ. ಪಕ್ಕದಲ್ಲಿ ಏನೋ ಮಾತು, ಏನೋ ನಗು, ಅವನು ಕಿವಿಗೊಡಲಿಲ್ಲ. ಕೈಗೆ ಸಿಕ್ಕ ಕಡುಬಿನ ಚೂರನ್ನು ಗೋಡೆ ನೋಡುತ್ತಲೇ ನುಂಗಿದ. ಎರಡು ನಿಮಿಷದಲ್ಲಿ ಎಲೆಯನ್ನೂ ಮಡಚದೆ ಎದ್ದುಬಿಟ್ಟ. ಏಳುವಾಗ ಎಡಕ್ಕಿದ್ದ ನೀರಿನ ಚೊಂಬಿಗೆ ಕಾಲು ತಾಗಿ ನೀರೆಲ್ಲ ಚೆಲ್ಲಿತು.

ಅಂದಿನಿಂದ ಹೆಂಡತಿ ಹುಲಿಗೆಮ್ಮ ಅವನೊಡನೆ ಮಾತು ಬಿಟ್ಟಳು. ಅನ್ನ ಹಾಕುವಳು, ನೀರು ಕಾಯಿಸುವಳು, ಮಾತಿಲ್ಲ. ತನಗೆ ಅವಮಾನವಾಗಿರುವಾಗ ಇವಳದೇನು ಬಿಗುಮಾನ ಎಂದು ಗುತ್ಯಪ್ಪನೂ ಕೇಳಲಿಲ್ಲ. ಚಂದ್ರಯ್ಯನದು ಇನ್ನೂ ಅತಿಯಾಯಿತು. ಮೊದಲೆಲ್ಲ ಲಾರಿ ಘಾಟಿಯ ತಿರುವಿಗೆ ಬಂದಾಗ ಗ್ಯಾಂಗಿನ ಗುಡಿಸಲಿನ ಮುಂದೆ ಎರಡು ಸಲ ಹಾರ್ನ್ ಹೊಡೆದು, ಕೈ ಬೀಸಿ ಹೋಗುತ್ತಿದ್ದ. ಈಗ ಹಾರ್ನೂ ಇಲ್ಲ, ಕೈಯೂ ಇಲ್ಲ. ಒಂದು ಕೋಳಿ ತೊಡೆ ತಿಂದು ಇಷ್ಟು ಕೊಬ್ಬು ಎಂದುಕೊಂಡ ಗುತ್ಯಪ್ಪ. ರಸ್ತೆಯ ಗುಂಡಿಗೆ ಜಲ್ಲಿ ತುಂಬುವಾಗಲೂ ಅವನ ತಲೆಯಲ್ಲಿ ಮುನ್ನೂರ ಎಂಬತ್ತು, ಹನ್ನೆರಡು, ಮುನ್ನೂರ ಎಂಬತ್ತು, ಹನ್ನೆರಡು. ತನಗೂ ಅಂಥದೊಂದು ಮಿಷನ್ನು ಬೇಕು. ಯಾರೂ ನೋಡದಲ್ಲಿ ಅಭ್ಯಾಸ ಮಾಡಿ, ಯುಗಾದಿಯ ಹೊತ್ತಿಗೆ ಸಾಗರಕ್ಕೆ ಹೋಗಿ ಸಾವಿರ ಹೊಡೆಯಬೇಕು. ಆಗ ಸೌಟು ಎತ್ತ ಹೋಗುತ್ತದೆ ನೋಡೋಣ.

ಇಂಥ ಹೊತ್ತಿನಲ್ಲೇ ತೀರ್ಥಹಳ್ಳಿಯ ಮುಕುಂದಯ್ಯಗೌಡರ ಜೀಪು ಘಾಟಿಯಲ್ಲಿ ಬಿಸಿಯಾಗಿ ನಿಂತಿತು. ಗೌಡರಿಗೆ ಗುತ್ಯಪ್ಪನ ಕೋವಿಯ ಮೇಲೆ ಬಹಳ ವರ್ಷಗಳಿಂದ ಕಣ್ಣು. ಅವನ ಅಪ್ಪನ ಕಾಲದ ಜೋಡು ನಳಿಗೆಯ ಕೋವಿ, ಈಗ ಅಂಥದ್ದು ಸಿಗುವುದಿಲ್ಲ. ರೇಡಿಯೇಟರಿಗೆ ನೀರು ಹುಯ್ಯುತ್ತ ಗುತ್ಯಪ್ಪ ಸುಮ್ಮನೆ ಎಂಬಂತೆ ಆ ಮಿಷನ್ನಿನ ಮಾತೆತ್ತಿದ.

"ಅಯ್ಯೋ, ಅದು ನಮ್ಮನೇಲೂ ಒಂದು ಬಿದ್ದಿದೆ ಮಾರಾಯ," ಎಂದರು ಗೌಡರು. "ಅಳಿಯ ದುಬೈಯಿಂದ ತಂದಿದ್ದು. ಯಾರೂ ಮುಟ್ಟಲ್ಲ. ಕೋವಿ ಕೊಡು, ಅದನ್ನ ತಗೊಂಡು ಹೋಗು. ಲೈಸನ್ಸಿನ ಕೆಲಸ ನಾನು ಮಾಡಿಸ್ತೀನಿ."

ಅರ್ಧ ತಮಾಷೆಯ ಮಾತು. ಗುತ್ಯಪ್ಪ ಪೂರ್ತಿ ನಿಜ ಮಾಡಿಕೊಂಡ. ನಾಲ್ಕು ದಿನ ತೂಗಿದ. ಅಪ್ಪ ಸಾಯುವ ಮುಂಚೆ, "ಇದನ್ನ ಯಾರಿಗೂ ಕೊಡಬೇಡ ಮಗಾ" ಎಂದಿದ್ದ. ಆದರೆ ಹೊಡೆಯಲು ಏನೂ ಇಲ್ಲದ ಕೋವಿ ಇದ್ದರೆಷ್ಟು, ಬಿಟ್ಟರೆಷ್ಟು? ಈಗಿನ ಈಡು ಬೇರೆಯೇ ಆಗಿದೆ. ಚಂದ್ರಯ್ಯನ ಎಲೆಯ ಮೇಲೆ ಬಿದ್ದ ತೊಡೆ ನೆನಪಾದಾಗಲೆಲ್ಲ ಅಪ್ಪನ ಮಾತು ಹಿಂದೆ ಸರಿಯುತ್ತಿತ್ತು. ಐದನೆಯ ದಿನ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಲೈಸನ್ಸ್ ಪುಸ್ತಕವನ್ನು ಜೇಬಿಗೆ ಹಾಕಿ, ತೀರ್ಥಹಳ್ಳಿಯ ಬಸ್ಸು ಹತ್ತಿದ. ಹುಲಿಗೆಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಮುಕುಂದಯ್ಯಗೌಡರು ಕಂಬಳಿ ಬಿಚ್ಚಿ ಕೋವಿಯ ನಳಿಗೆ ಸವರುತ್ತ ಕೂತರು. ಅವರ ಹೆಂಡತಿ ವರದಮ್ಮ, ದಪ್ಪ ಗಾಜಿನ ಕನ್ನಡಕದವರು, ಮಿಷನ್ನಿನ ಧೂಳು ಒರೆಸಿ ತಂದುಕೊಟ್ಟರು.

"ಮೊದಲು ಪರೀಕ್ಷೆ ಮಾಡ್ತೀನಿ ಗೌಡ್ರೇ," ಎಂದ ಗುತ್ಯಪ್ಪ. ಅಂಗಳಕ್ಕಿಳಿದು ಬಿಸಿಲಿಗೆ ನಿಂತು ಕಣ್ಣಿಗೊತ್ತಿದ. ಮತ್ತೆ ಅದೇ ತಿಗಣೆಗಳು. ಹದಿನಾಲ್ಕು.

ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ ವರದಮ್ಮ ಅವನನ್ನು ಪಕ್ಕದಿಂದ ನೋಡುತ್ತಿದ್ದರು. "ಗುತ್ಯಪ್ಪ, ಅದೆಂತಕ್ಕೆ ಎಡಗಣ್ಣು ಮುಚ್ಚಿದ್ದೀಯ? ಅದೇನು ಕೋವಿಯಾ? ಎರಡೂ ಕಣ್ಣು ಬಿಟ್ಟು ನೋಡಬೇಕಂತೆ. ಒಂದರಲ್ಲಿ ನೋಡಿದ್ರೆ ಎಲ್ಲಾ ಚಪ್ಪಟೆ ಅಂತ ಅಳಿಯ ಹೇಳಿದ್ದ."

ಗುತ್ಯಪ್ಪ ನಿಂತಲ್ಲೇ ನಗುವ ಹಾಗಾದ. ಇಷ್ಟೇನಾ! ಮೂವತ್ತೈದು ವರ್ಷದ ಅಭ್ಯಾಸ, ಗುರಿ ಎಂದೊಡನೆ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇದು ಚಂದ್ರಯ್ಯನಿಗೆ ಗೊತ್ತಿದ್ದೂ ಹೇಳಲಿಲ್ಲ, ಕಳ್ಳ. ಇರಲಿ, ಇನ್ನು ನೋಡು. ಅವನು ಎರಡೂ ಕಣ್ಣುಗಳನ್ನು ಅಗಲವಾಗಿ ತೆರೆದು ಮತ್ತೆ ಒತ್ತಿದ.

ಏನೂ ಬದಲಾಗಲಿಲ್ಲ.

ಮಿಷನ್ನು ಇಳಿಸಿದ, ಒರೆಸಿದ, ಮತ್ತೆ ನೋಡಿದ. ಅದೇ ಚಪ್ಪಟೆ ಆಕಾಶ. ವರದಮ್ಮ ಎದ್ದು ಬಂದರು. ಅವನ ಮುಖವನ್ನು ಬಿಸಿಲಿಗೆ ತಿರುಗಿಸಿ, ತಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಬಲಗಣ್ಣು ಕೈಯಲ್ಲಿ ಮುಚ್ಚಿಕೋ. ಈಗ ನಾನು ಎಷ್ಟು ಬೆರಳು ತೋರಿಸ್ತಿದ್ದೀನಿ?"

ಗುತ್ಯಪ್ಪನ ಎದುರಿಗೆ ಅಕ್ಕಿ ತೊಳೆದ ನೀರಿನಂಥ ಬಿಳುಪು ಬಿಟ್ಟರೆ ಬೇರೇನೂ ಇರಲಿಲ್ಲ. ಬೆರಳೂ ಇಲ್ಲ, ವರದಮ್ಮನೂ ಇಲ್ಲ.

"ಪೊರೆ ಬಂದಿದೆ ಕಣೋ, ಬಲಿತು ಬೆಳ್ಳಗಾಗಿದೆ. ನಂಗೂ ಹಿಂಗೇ ಆಗಿತ್ತು. ಇಷ್ಟು ದಿನ ಗೊತ್ತಾಗ್ಲಿಲ್ವಾ ನಿಂಗೆ?"

ಹೇಗೆ ಗೊತ್ತಾಗಬೇಕು? ಆ ಕಣ್ಣಿಗೆ ಅವನು ಕೊಟ್ಟಿದ್ದ ದೊಡ್ಡ ಕೆಲಸವೆಂದರೆ ಮುಚ್ಚಿಕೊಂಡಿರುವುದು. ಅದು ಅದನ್ನೇ ನಿಷ್ಠೆಯಿಂದ ಮಾಡುತ್ತ ಮಾಡುತ್ತ ಪೂರ್ತಿ ಮುಚ್ಚಿಹೋಗಿತ್ತು. ಗುತ್ಯಪ್ಪ ಮಿಷನ್ನನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತ.

"ಹಂಗಾದ್ರೆ ಮಿಷನ್ ಬೇಕೋ ಬೇಡವೋ?" ಎಂದರು ಗೌಡರು, ಕೋವಿಯನ್ನು ತೊಡೆಯ ಮೇಲಿಂದ ಇಳಿಸದೆ.

"ಬೇಡ ಗೌಡ್ರೇ. ಕೋವಿಗೆ ಒಂದು ಕಣ್ಣಾದ್ರೂ ಸಾಕು."

ಅವನು ಕೋವಿಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದ. ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಕೂತು, ಬಲಗಣ್ಣು ಮುಚ್ಚಿ ತೆಗೆದು, ಮುಚ್ಚಿ ತೆಗೆದು ನೋಡುತ್ತ ಬಂದ. ಮೊದಲ ಸಲ ಅವನಿಗೆ ಚಂದ್ರಯ್ಯನ ಮುನ್ನೂರ ಎಂಬತ್ತರ ಮೇಲಲ್ಲ, ಅವನ ಎರಡು ಕಣ್ಣುಗಳ ಮೇಲೆಯೇ ಹೊಟ್ಟೆಕಿಚ್ಚಾಯಿತು.

ಮನೆಯಲ್ಲಿ ಹುಲಿಗೆಮ್ಮ ಕಂಬಳಿಯೊಳಗೆ ಕೋವಿ ಇರುವುದನ್ನು ಕಂಡು, ಮಾತು ಬಿಟ್ಟದ್ದನ್ನು ಮರೆತು ಕೇಳಿದಳು. "ವಾಪಸ್ ತಂದ್ರಾ?"

ಗುತ್ಯಪ್ಪ ಎಲ್ಲವನ್ನೂ ಹೇಳಿದ. ಅವಳು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, ಅವನ ಎಡಗಣ್ಣಿನ ಮುಂದೆ ಕೈಯಾಡಿಸಿ ನೋಡಿದಳು.

"ಹಂಗಾದ್ರೆ ಅವತ್ತು ಎಲೇಲಿ ಇದ್ದದ್ದು ನಿಮಗೆ ಕಾಣ್ಲೇ ಇಲ್ವಾ?"

"ಎಲೇಲಿ ಎಂತ ಇತ್ತು?"

"ಪಾಲು. ಅವ್ವ ತಮಾಷೆಗೆ ಅವನ ಎಲೆಗೆ ಹಾಕಿದ್ಲು. ಚಂದ್ರಯ್ಯ ಕೂಡ್ಲೇ ತೆಗ್ದು, 'ಭಾವ ಇರುವಾಗ ನಂಗೆಲ್ಲಿ ಈಡಿನ ಪಾಲು' ಅಂತ ನಿಮ್ಮ ಎಲೆಯ ಎಡಗಡೆ ಇಟ್ಟ. ನೀವು ಗೋಡೆ ನೋಡ್ಕೊಂಡು ಕೂತ್ರಿ. ಅದನ್ನ ಮುಟ್ಟದೇ, ಚೊಂಬು ಒದ್ದು ಎದ್ದು ಹೋದ್ರಿ. ಅವ್ವ ಆಮೇಲೆ ಎಲೆ ತೆಗೀತಾ ಅತ್ಲು. ಅವನೂ ಊಟ ಮಾಡ್ಲಿಲ್ಲ."

ಈಡಿನ ಪಾಲನ್ನು ಎಲೆಯಲ್ಲಿ ಬಿಟ್ಟು ಏಳುವುದು ಎಂದರೆ ಕೊಟ್ಟವರ ಮುಖಕ್ಕೆ ಉಗಿದ ಹಾಗೆ. ಅವನ ಅಪ್ಪ ಅಂಥವರ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಸುಟ್ಟಿತು. ನಾಚಿಕೆಯ ಅಡಿಯಲ್ಲಿ ಹಳೆಯ ಕಿಚ್ಚೂ ಹೊಗೆಯಾಡುತ್ತಲೇ ಇತ್ತು. ಕೊಡುವುದರಲ್ಲೂ ಆ ಲಾರಿ ಡ್ರೈವರನೇ ಮುಂದಾಗಬೇಕೇ?

ಶನಿವಾರ ಚಂದ್ರಯ್ಯನ ಲಾರಿ ಕುಂದಾಪುರದಿಂದ ಘಾಟಿ ಹತ್ತಿ ಬಂತು. ತಿರುವಿನಲ್ಲಿ ಹಾರ್ನ್ ಇಲ್ಲ. ಗುತ್ಯಪ್ಪ ಗ್ಯಾಂಗಿನ ಕೆಂಪು ಬಾವುಟ ಹಿಡಿದು ರಸ್ತೆಯ ನಡುವೆ ನಿಂತಿದ್ದ. ಲಾರಿ ಕಿರ್ರೆಂದು ನಿಂತಿತು.

"ಎಂತ ಭಾವ, ಮುಂದೆ ರಸ್ತೆ ಕುಸಿದಿದೆಯಾ?" ಚಂದ್ರಯ್ಯನ ದನಿ ಬಿಗಿಯಾಗಿತ್ತು.

"ರಸ್ತೆ ಸರಿ ಇದೆ. ನನ್ನ ಎಡಗಣ್ಣು ಹೋಗಿದೆ," ಎಂದ ಗುತ್ಯಪ್ಪ. "ಅವತ್ತು ನೀನು ಇಟ್ಟದ್ದು ಕಾಣ್ಲಿಲ್ಲ. ಕಂಡಿದ್ರೆ ಬಿಡ್ತಿರ್ಲಿಲ್ಲ."

ಚಂದ್ರಯ್ಯ ಅವನ ಮುಖವನ್ನೇ ನೋಡಿದ. ಆಮೇಲೆ ಬಾಗಿ ಎಡಗಡೆಯ ಬಾಗಿಲು ತೆರೆದ. "ಹತ್ತಿ ಭಾವ. ಸಾಗರದಲ್ಲಿ ಕಣ್ಣಿನ ಡಾಕ್ಟ್ರಿದ್ದಾರೆ."

ಲಾರಿ ಹೊರಟಿತು. ಚಂದ್ರಯ್ಯ ಬಲಕ್ಕೆ ಕೂತಿದ್ದರಿಂದ ಗುತ್ಯಪ್ಪನಿಗೆ ಚೆನ್ನಾಗಿ ಕಾಣುತ್ತಿದ್ದ. ಘಾಟಿ ಮುಗಿದು ನಗರ ಪೇಟೆ ಬಂತು. ಕೊನೆಗೆ ಗುತ್ಯಪ್ಪನೇ ತಡೆಯಲಾರದೆ ಕೇಳಿದ.

"ಆ ಮಿಷನ್ನಲ್ಲಿ ಈಗ ಎಷ್ಟು ಹೊಡೀತೀಯ?"

"ಐನೂರ ಇಪ್ಪತ್ತು," ಎಂದ ಚಂದ್ರಯ್ಯ, ಸ್ವಲ್ಪ ಸಂಕೋಚದಿಂದ.

ಗುತ್ಯಪ್ಪನಿಗೆ ಹೊಟ್ಟೆ ಉರಿಯಿತು. ಆದರೆ ಈ ಸಲ ಮುಖ ತಿರುಗಿಸಲಿಲ್ಲ.