ನಾಲ್ಕಡಿಗಿಂತ ಕೆಳಗೆ

ನರಸಿಂಹರಾಜಪುರದ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿರುವ ರೇಣುಕಪ್ಪನವರ ಜವಳಿ ಅಂಗಡಿಗೆ ಜನ ಬರುವುದು ಬಟ್ಟೆ ಕೊಳ್ಳಲಿಕ್ಕೇ ಎಂದು ಯಾರಾದರೂ ತಿಳಿದಿದ್ದರೆ, ಅವರಿಗೆ ಆ ಊರು ಗೊತ್ತಿಲ್ಲ ಅಷ್ಟೆ. ಬಸ್ಸು ತಡವಾದರೆ ಬರುತ್ತಾರೆ. ತಾಲ್ಲೂಕು ಕಚೇರಿಗೆ ಹೋಗುವ ಮುಂಚೆ ಚೀಲ ಇಡಲು ಬರುತ್ತಾರೆ, ಕೆಲಸ ಮುಗಿದ ಮೇಲೆ ಚೀಲ ಒಯ್ಯಲು ಮತ್ತೆ ಬರುತ್ತಾರೆ. ನೀರು ಕುಡಿಯುತ್ತಾರೆ, ಫ್ಯಾನಿನ ಕೆಳಗೆ ಕೂರುತ್ತಾರೆ, ಯಾರ ಮನೆ ಹುಡುಗಿಗೆ ಎಲ್ಲಿ ಸಂಬಂಧ ಗಟ್ಟಿಯಾಯಿತು ಎಂದು ವಿಚಾರಿಸುತ್ತಾರೆ. ನಿಜವಾಗಿ ಸೀರೆಗೇ ಬಂದವರಾದರೂ ಒಂದೇ ಸಲ ಬಂದು ಹೋಗುವವರಲ್ಲ. ಟ್ಯೂಬ್‌ಲೈಟಿನ ಕೆಳಗಿನ ಬಣ್ಣವನ್ನು ಈ ಕಡೆಯ ಹೆಂಗಸರು ನಂಬುವುದಿಲ್ಲ. ಸೀರೆ ಬಿಸಿಲಿಗೆ ಹೋಗಬೇಕು. ಅದರ ಹಿಂದೆ ತಾಯಿ, ಮಗಳು, ಅತ್ತಿಗೆ, ಸೀರೆ ಹಿಡಿದ ಅಂಗಡಿಯವಳು ಎಲ್ಲರೂ ಹೋಗಬೇಕು. ಮೆಟ್ಟಿಲ ಮೇಲೆ ಸೆರಗು ಹರಡಿ ನೋಡಿ, ಇದು ಬೇಡ, ಇನ್ನೊಂದು ತೋರಿಸಿ ಎಂದು ಎಲ್ಲರೂ ಒಳಗೆ ಬರಬೇಕು. ಒಂದು ಸೀರೆ ಮಾರಾಟವಾಗುವಷ್ಟರಲ್ಲಿ ನಾಲ್ಕು ಜನ ಐದು ಸಲ ಹೊಸ್ತಿಲು ದಾಟಿರುತ್ತಾರೆ.

ಶಿಲ್ಪಶ್ರೀ ಆ ಸೀರೆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ಗಂಡ ಬಸರೀಕಟ್ಟೆಯ ಎಸ್ಟೇಟೊಂದರಲ್ಲಿ ಜೀಪು ಓಡಿಸುತ್ತಾನೆ, ಶನಿವಾರ ಸಂಜೆ ಬರುತ್ತಾನೆ, ಭಾನುವಾರ ಸಂಜೆ ಹೋಗುತ್ತಾನೆ. ಮಗಳು ಚೇತನಾ ಮೂರನೇ ಕ್ಲಾಸು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಶಿಲ್ಪಶ್ರೀ ಹೊರಡುವಾಗ ಅವಳಿನ್ನೂ ಕಣ್ಣುಜ್ಜುತ್ತಿರುತ್ತಾಳೆ. ರಾತ್ರಿ ಒಂಬತ್ತಕ್ಕೆ ಮನೆ ಸೇರುವಾಗ ಅಜ್ಜಿಯ ಪಕ್ಕದಲ್ಲಿ ಮಲಗಿಬಿಟ್ಟಿರುತ್ತಾಳೆ. ತಾಯಿಗೂ ಮಗಳಿಗೂ ವಾರದ ದಿನಗಳಲ್ಲಿ ಸಿಗುತ್ತಿದ್ದದ್ದು ನಡುವಿನ ಹತ್ತು ನಿಮಿಷ.

ಆ ಹತ್ತು ನಿಮಿಷ ಹೀಗೆ. ಸಂಜೆ ನಾಲ್ಕೂ ಐದಕ್ಕೆ ಸ್ಕೂಲ್ ವ್ಯಾನು ರಸ್ತೆಯ ಆಚೆ, ಮೆಡಿಕಲ್ ಶಾಪಿನ ಮುಂದೆ ಮಕ್ಕಳನ್ನು ಇಳಿಸುತ್ತದೆ. ಬಾಳೆಹೊನ್ನೂರು ಕಡೆಯ ಬಸ್ಸು ಈಚೆಯ ಬಸ್‌ಸ್ಟ್ಯಾಂಡಿನಿಂದ ನಾಲ್ಕೂ ಇಪ್ಪತ್ತಕ್ಕೆ ಬಿಡುತ್ತದೆ. ನಡುವಿನ ರಸ್ತೆಯಲ್ಲಿ ಮರದ ದಿಮ್ಮಿ ಹೊತ್ತ ನಾಟಾ ಲಾರಿಗಳು ಯಾರ ಮುಖವನ್ನೂ ನೋಡದೆ ಹೋಗುತ್ತವೆ. ಶಿಲ್ಪಶ್ರೀ ಓಡಿಹೋಗಿ ಮಗಳ ಕೈ ಹಿಡಿದು ದಾಟಿಸಿ, ಬೇಕರಿಯಿಂದ ಒಂದು ಬನ್ನು ಕೊಡಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಬಸ್ಸು ಹೊರಡುವ ತನಕ ಕೆಳಗೆ ನಿಂತು ಶಾಲೆಯ ಪುರಾಣ ಕೇಳುತ್ತಿದ್ದಳು. ಯಾರು ಯಾರ ಪೆನ್ಸಿಲ್ ಕದ್ದರು, ಟೀಚರು ಯಾರನ್ನು ಬೆಂಚಿನ ಮೇಲೆ ನಿಲ್ಲಿಸಿದರು, ಎಲ್ಲ. ಅಷ್ಟು ಕೇಳಿ ಬಂದರೆ ರಾತ್ರಿ ಎಂಟೂವರೆವರೆಗೂ ನಿಲ್ಲಲು ಕಾಲಿಗೆ ಬಲ ಬರುತ್ತಿತ್ತು.

ರೇಣುಕಪ್ಪನವರಿಗೆ ಕೊಪ್ಪದಲ್ಲೂ ಶೃಂಗೇರಿಯಲ್ಲೂ ಇನ್ನೆರಡು ಅಂಗಡಿಗಳಿವೆ. ಕೊಪ್ಪದ್ದನ್ನು ಮಗ ರಾಕೇಶ ನೋಡಿಕೊಳ್ಳುತ್ತಾನೆ. ನೋಡಿಕೊಳ್ಳುತ್ತಾನೆ ಎಂದರೇನು, ಅಲ್ಲಿ ಕೂತು ಮೊಬೈಲಿನಲ್ಲಿ ಮೂರು ಅಂಗಡಿಯನ್ನೂ ನೋಡುತ್ತಿರುತ್ತಾನೆ. ಯಾವ ಅಂಗಡಿಗೆ ನೂರು ಜನ ಬಂದರೆ ಎಷ್ಟು ಜನ ಕೊಂಡುಹೋಗುತ್ತಾರೆ ಎಂದು ತಿಳಿಯುವ ಆಸೆ ಅವನಿಗೆ ಹುಟ್ಟಿತು. ಆಸೆ ಹುಟ್ಟಿದ್ದೇ ತಡ, ವೀರೇಶನಿಗೆ ಫೋನು ಹೋಯಿತು.

ವೀರೇಶ ಕೊಪ್ಪದವನು. ಸುತ್ತಲಿನ ಮೂರು ತಾಲ್ಲೂಕಿನ ಅಂಗಡಿ, ಸೊಸೈಟಿ, ಛತ್ರಗಳಿಗೆಲ್ಲ ಸಿಸಿ ಕ್ಯಾಮರಾ ಹಾಕಿದವನು. ಒಂದು ಸೋಮವಾರ ಏಣಿ ತಂದು ಬಾಗಿಲ ನೆತ್ತಿಗೆ ಒಳಬರುವವರನ್ನು ಎಣಿಸುವ ಸಣ್ಣದೊಂದು ಬಿಳಿ ಡಬ್ಬಿ ಬಿಗಿದು, ವೈರನ್ನು ಕ್ಯಾಮರಾದ ಪೆಟ್ಟಿಗೆಗೆ ಸೇರಿಸಿದ. ಪರೀಕ್ಷೆಗೆ ಒಬ್ಬರು ಬೇಕಲ್ಲ, ಎದುರಿಗೆ ಸಿಕ್ಕವಳು ಶಿಲ್ಪಶ್ರೀ. ಹತ್ತು ಸಲ ಒಳಗೆ ಬರಲು, ಹತ್ತು ಸಲ ಹೊರಗೆ ಹೋಗಲು ಹೇಳಿದ. ಮೊಬೈಲಿನಲ್ಲಿ ಹತ್ತು ಎಂದೇ ಬಂತು. ಆಮೇಲೆ ಫ್ರಾಕ್ ತೊಡಿಸಿದ್ದ ಮಕ್ಕಳ ಗೊಂಬೆಯನ್ನು ಎಳೆದುಕೊಂಡು, ತಾನೂ ಕುಕ್ಕರಗಾಲಲ್ಲಿ ಕೂತು ಅದನ್ನು ಹೊಸ್ತಿಲು ದಾಟಿಸಿದ. ಎಣಿಕೆ ಅಲುಗಲಿಲ್ಲ.

"ನಾಲ್ಕಡಿಗಿಂತ ಕೆಳಗಿದ್ದಿದ್ದು ಇದ್ರ ಕಣ್ಣಿಗೆ ಬೀಳಲ್ಲ ಅಕ್ಕ. ಮಕ್ಕಳನ್ನ ಎಣಿಸೋದು ಬೇಡ ಅಂತ ಹಾಗಿಟ್ಟಿದ್ದು," ಎಂದು ಹೇಳಿ ಏಣಿ ಮಡಚಿದ.

ಅಂಗಡಿಯವರನ್ನು ಎಣಿಕೆಯಿಂದ ಬಿಡಬೇಕಾದರೆ ಕೊರಳಿಗೆ ಬೇರೆ ಕಾರ್ಡು ಬೇಕಂತೆ, ಆ ಕಾರ್ಡನ್ನು ಗುರುತಿಸಲು ಬೇರೆ ಡಬ್ಬಿ ಬೇಕಂತೆ. ರಾಕೇಶ ಬೇಡವೆಂದ. ಅಂಗಡಿಯವರು ಹೊರಗೆ ಹೋಗದಿದ್ದರೆ ಆಯಿತಲ್ಲ ಎಂದ. ಎಷ್ಟು ಸುಲಭ ನೋಡಿ!

ಮೊದಲ ವಾರದ ಎಣಿಕೆಯಲ್ಲಿ ನರಸಿಂಹರಾಜಪುರದ ಅಂಗಡಿ ಮೂರರಲ್ಲಿ ಕೊನೆಗೆ ಬಿತ್ತು. ಬೀಳದೆ ಏನು? ಚೀಲ ಇಟ್ಟವರು, ನೀರು ಕುಡಿದವರು, ಬಿಸಿಲಿಗೆ ಸೀರೆ ಒಯ್ದವರು ಎಲ್ಲರೂ ಗಿರಾಕಿಗಳಾಗಿ ಕೂತಿದ್ದರು. ಗೋಡೆಗೆ ನಿಯಮಗಳ ಹಾಳೆ ಅಂಟಿತು. ಬೆಳಿಗ್ಗೆ ಬಂದವರು ಅಂಗಡಿ ಮುಚ್ಚುವ ತನಕ ಹೊಸ್ತಿಲು ದಾಟಕೂಡದು. ಸೀರೆ ಹೊರಗೆ ಒಯ್ಯಕೂಡದು. ಕೆಲಸದವರ ಮನೆಯವರು ಒಳಗೆ ಬರಕೂಡದು. ಒಂದು ತಿಂಗಳಲ್ಲಿ ಸುಧಾರಿಸದಿದ್ದರೆ ಕೊನೆಯ ಅಂಗಡಿಯಿಂದ ಇಬ್ಬರನ್ನು ಕೆಲಸದಿಂದ ಬಿಡಿಸಲಾಗುವುದು. ಹಿಂದಿನ ಬಾಗಿಲಿಗೆ ಮೊದಲೇ ಬೀಗವಿತ್ತು, ಅದರ ಕೀ ಕೊಪ್ಪದಲ್ಲಿತ್ತು.

ಶಿಲ್ಪಶ್ರೀ ಯಜಮಾನರನ್ನು ಕೇಳಿದಳು. ರೇಣುಕಪ್ಪನವರು ಒಳ್ಳೆಯವರು, ಒಳ್ಳೆಯವರಾದ್ದರಿಂದಲೇ ಮಗನ ಮಾತಿಗೆ ಎದುರಾಡುವವರಲ್ಲ. ಅವನನ್ನೇ ಕೇಳಮ್ಮ ಎಂದು ಫೋನು ಹಚ್ಚಿಕೊಟ್ಟರು. ರಾಕೇಶ ಬಹಳ ಮರ್ಯಾದೆಯಿಂದ, ಹತ್ತು ನಿಮಿಷ ದೊಡ್ಡದಲ್ಲ ಶಿಲ್ಪಕ್ಕ, ಆದರೆ ನಿಮಗೆ ಬಿಟ್ಟರೆ ಉಳಿದ ಐದು ಜನಕ್ಕೂ ಬಿಡಬೇಕಾಗುತ್ತದೆ ಎಂದ. ಮಾತು ಮುಗಿಯಿತು.

ಅವತ್ತು ನಾಲ್ಕೂ ಐದಕ್ಕೆ ಅವಳು ಗಾಜಿನ ಬಾಗಿಲ ಹಿಂದೆ ನಿಂತು ನೋಡಿದಳು. ಚೇತನಾ ಇಳಿದು ಈ ಕಡೆ ನೋಡುತ್ತ ನಿಂತಳು. ಸಂಜೆಯ ಬಿಸಿಲು ಗಾಜಿಗೆ ಹೊಡೆದರೆ ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ತಾಯಿ ಕೈ ಬೀಸಿದ್ದು ಮಗುವಿಗೆ ಕಾಣಲಿಲ್ಲ. ಕೊನೆಗೆ ಮೆಡಿಕಲ್ ಶಾಪಿನ ಲಕ್ಷ್ಮೀಶ ಹೊರಗೆ ಬಂದು ಅವಳನ್ನು ದಾಟಿಸಿದ. ಗಿರಾಕಿಗೆ ಹಸಿರು ಸೀರೆ ಬೇಕಿತ್ತು, ಶಿಲ್ಪಶ್ರೀ ನೀಲಿ ತೆಗೆದುಕೊಟ್ಟಳು. ಹೀಗೇ ನಾಲ್ಕು ದಿನ ಹೋಯಿತು.

ಐದನೇ ದಿನ ಅವಳಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಬಂದಳು. ಗಾಜಿನ ಬಾಗಿಲು ಹಾಕಿಸಿದರೂ ರೇಣುಕಪ್ಪನವರು ಹಳೆಯ ಹೊಸ್ತಿಲನ್ನು ಕೀಳಿಸಿರಲಿಲ್ಲ. ದಿನಾ ಅರಿಸಿನ ಕುಂಕುಮ ಹಚ್ಚುತ್ತಾರೆ. ಬೆಳಿಗ್ಗೆ ಒಳಗೆ ಬರುವಾಗ ಎಲ್ಲರೂ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಮಾಮೂಲು. ಶಿಲ್ಪಶ್ರೀ ಸೊಂಟ ಬಗ್ಗಿಸಿ, ತಲೆಯನ್ನು ಮೊಣಕಾಲ ಮಟ್ಟಕ್ಕೆ ತಂದು, ಎರಡೂ ಕೈಯಿಂದ ಹೊಸ್ತಿಲು ಮುಟ್ಟಿ, ಬಗ್ಗಿದ ಹಾಗೆಯೇ ಆಚೆ ಕಾಲಿಟ್ಟು, ಆಮೇಲೆ ಎದ್ದು ಓಡಿದಳು. ಮಗಳನ್ನು ಬಸ್ಸು ಹತ್ತಿಸಿ ಬಂದು ಅದೇ ರೀತಿ ಬಗ್ಗಿ ಒಳಗೆ ಬಂದಳು. ಗಲ್ಲಾದ ಮೇಲಿದ್ದ ಮೊಬೈಲಿನ ಎಣಿಕೆ ಅವಳು ಹೊರಡುವಾಗ ಇದ್ದ ನೂರಾ ಹದಿನೇಳರಲ್ಲೇ ಇತ್ತು. ಕೊಪ್ಪದಿಂದ ಫೋನು ಬರಲಿಲ್ಲ.

ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಪಕ್ಕದಲ್ಲಿ ನಿಲ್ಲುವ ಶಾಂಭವಿ ಮೂರನೇ ದಿನಕ್ಕೆ ಕಂಡುಹಿಡಿದಳು. "ಎಂತ ಮಾರಾಯ್ತಿ, ದಿನಾ ಎರಡೆರಡು ಸಲ ಭಕ್ತಿ ಬಂದ್ಬಿಡ್ತದಲ್ಲ ನಿಂಗೆ," ಎಂದು ಕಿವಿಯಲ್ಲಿ ನಕ್ಕಳು. ವಾರದೊಳಗೆ ಐದೂ ಜನ ಬಗ್ಗತೊಡಗಿದರು. ಹೆಗಲಿಗೆ ರೇಷ್ಮೆ ಸೀರೆ ಹಾಕಿಕೊಂಡು, ಬಗ್ಗಿ, ಹೊಸ್ತಿಲು ಮುಟ್ಟಿ, ಬಿಸಿಲಿಗೆ ಹೋಗಿ ಬಣ್ಣ ತೋರಿಸಿ ಬರುತ್ತಿದ್ದರು. ಸೀರೆಗಳು ಮೊದಲಿನ ಹಾಗೆ ಹೋಗತೊಡಗಿದವು, ಅಂಗಡಿಯವರ ಓಡಾಟ ಎಣಿಕೆಯಿಂದ ಬಿಟ್ಟುಹೋಯಿತು. ಸೊಂಟ ನೋವು ಬಂದಿತು ನಿಜ. ನಾಚಿಕೆಯೂ ಆಗುತ್ತಿತ್ತು. ಮೂವತ್ತೈದು ವಯಸ್ಸಿನ ಹೆಂಗಸು ಒಂದು ಡಬ್ಬಿಗೆ ಹೆದರಿ ದಿನಾ ಹೀಗೆ ಬಗ್ಗುವುದೇ ಎಂದು ಒಮ್ಮೊಮ್ಮೆ ಅಳು ಬರುತ್ತಿತ್ತು. ಆದರೂ ಹತ್ತು ನಿಮಿಷ ಸಿಗುತ್ತಿತ್ತಲ್ಲ!

ತಿಂಗಳ ಕೊನೆಗೆ ನರಸಿಂಹರಾಜಪುರದ ಅಂಗಡಿ ಮೂರರಲ್ಲಿ ಮೊದಲಿಗೆ ಬಂತು. ರಾಕೇಶ ತಂದೆಯನ್ನು ಕೇಳಿದ, ಏನು ಮಾಡಿದಿರಿ ಎಂದು. ರೇಣುಕಪ್ಪನವರಿಗೆ ಕಾರಣ ಕಣ್ಣೆದುರಿಗೇ ಇತ್ತು. ನಲವತ್ತು ವರ್ಷದ ವ್ಯಾಪಾರದಲ್ಲಿ ಹೊಸ್ತಿಲಿಗೆ ಇಷ್ಟು ಮರ್ಯಾದೆ ಕೊಟ್ಟ ಹೆಣ್ಣುಮಕ್ಕಳನ್ನು ಅವರು ಕಂಡಿರಲಿಲ್ಲ. ಎಲ್ಲ ಶಿಲ್ಪಶ್ರೀ ಕಲಿಸಿದ್ದು, ಅವಳ ಭಕ್ತಿಯಿಂದಲೇ ವ್ಯಾಪಾರ ಕೈ ಹತ್ತಿದೆ ಎಂದರು. ಹೊರಗೆ ಹೋಗಕೂಡದೆಂಬ ನಿಯಮವೊಂದಿತ್ತಲ್ಲ, ಅದು ಅವರ ನೆನಪಿಗೇ ಬರಲಿಲ್ಲ. ಎಣಿಕೆ ಸರಿಯಿದ್ದ ಮೇಲೆ ಕ್ಯಾಮರಾ ನೋಡುವ ಪುರುಸೊತ್ತು ರಾಕೇಶನಿಗೂ ಇರಲಿಲ್ಲ.

ಮರುದಿನ ಸೋಮವಾರದ ಪೂಜೆ ಮುಗಿದ ಮೇಲೆ ರೇಣುಕಪ್ಪನವರು ಒಂದು ಹೊಸ ಕುರ್ಚಿ ತರಿಸಿದರು. ಹಿಂದಕ್ಕೆ ಒರಗುವಂಥದು, ಕೈ ಇರುವಂಥದು. ಅದನ್ನು ಬಾಗಿಲ ಒಳಗಡೆ, ಹೊಸ್ತಿಲಿಗೆ ಒಂದು ಮಾರು ದೂರದಲ್ಲಿ ಹಾಕಿಸಿದರು. ಅಂಗಡಿಯಲ್ಲಿ ಕೆಲಸದ ಹೆಂಗಸೊಬ್ಬಳಿಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು.

"ಈ ಬಾಗ್ಲು ಇನ್ನು ನಿಂದು ತಾಯಿ. ಬರೋರನ್ನ ನೀನೇ ಕರಿ, ಸುಮ್ನೆ ಬರೋರನ್ನ ನೀನೇ ತಡಿ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ರಾಕೇಶ ಫೋನಿನಲ್ಲಿ ಉಳಿದದ್ದನ್ನು ಸೇರಿಸಿದ. ಅಂಗಡಿ ತೆರೆದಿರುವಷ್ಟು ಹೊತ್ತು ಆ ಕುರ್ಚಿ ಖಾಲಿ ಇರಬಾರದು. ಊಟಕ್ಕೆ ಅರ್ಧ ಗಂಟೆ ಶಾಂಭವಿ ಕೂರುತ್ತಾಳೆ, ಅಷ್ಟೆ. ಬಾಗಿಲ ಕ್ಯಾಮರಾವನ್ನು ಕುರ್ಚಿಯ ಕಡೆ ತಿರುಗಿಸಲಾಗಿದೆ.

ಶಿಲ್ಪಶ್ರೀ ಅಡಕತ್ತರಿಯಲ್ಲಿ ಸಿಕ್ಕಿಬಿದ್ದಳು. ನಾನು ಬಗ್ಗಿದ್ದು ಭಕ್ತಿಗಲ್ಲ ಎಂದು ಬಾಯಿಬಿಟ್ಟರೆ ಅವಳೊಬ್ಬಳ ಕಥೆ ಮುಗಿಯುವುದಿಲ್ಲ, ಶಾಂಭವಿಯಿಂದ ಹಿಡಿದು ಐದೂ ಜನ ಬೀದಿಗೆ ಬೀಳುತ್ತಾರೆ. ಸುಮ್ಮನಿದ್ದರೆ ಕುರ್ಚಿ. ಮೊದಲ ದಿನ ನಾಲ್ಕೂ ಐದಕ್ಕೆ ವ್ಯಾನು ಬಂದಾಗ ಎದ್ದು ಎರಡು ಹೆಜ್ಜೆ ಇಟ್ಟಳು. ಗಲ್ಲಾದ ಮೇಲಿನ ಫೋನು ರಿಂಗಾಯಿತು. ಕುರ್ಚಿ ಯಾಕೆ ಖಾಲಿ ಎಂದು ರಾಕೇಶ ಕೇಳುತ್ತಿದ್ದಾನೆ ಎಂದರು ರೇಣುಕಪ್ಪನವರು, ಪಾಪ, ಸಂಕೋಚದಿಂದಲೇ. ಅವಳು ಹೋಗಿ ಕೂತಳು.

ಅಲ್ಲಿಂದ ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು. ಅವಳನ್ನು ಕೂರಿಸಿದ ಮೇಲೆ ಗಾಜಿನ ಬಾಗಿಲನ್ನು ತೆರೆದೇ ಇಡುತ್ತಿದ್ದುದರಿಂದ ಅವಳೂ ಹೊರಗಿನವರಿಗೆ ಕಾಣುತ್ತಿದ್ದಳು. ಲಕ್ಷ್ಮೀಶ ಎರಡು ದಿನ ಮಗುವನ್ನು ದಾಟಿಸಿದ. ಮೂರನೇ ದಿನ ಅವನ ಅಂಗಡಿಯಲ್ಲಿ ಜನ ತುಂಬಿದ್ದರು. ಚೇತನಾ ಒಬ್ಬಳೇ ಎರಡೂ ಕಡೆ ನೋಡಿ, ಒಂದು ಲಾರಿ ಹೋದ ಮೇಲೆ ಇನ್ನೊಂದರ ಮುಂದಿನಿಂದ ಓಡಿ ದಾಟಿದಳು. ಶಿಲ್ಪಶ್ರೀ ಕುರ್ಚಿಯ ಕೈ ಹಿಡಿದುಕೊಂಡಿದ್ದಳು. ಕೂಗಿದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ. ಬೇರೆಯವರ ಹೆಸರೆತ್ತದೆ ತನ್ನದೊಂದೇ ತಪ್ಪು ಒಪ್ಪಿಕೊಂಡುಬಿಡಬೇಕು, ಕೆಲಸ ಹೋದರೆ ಹೋಗಲಿ, ಆ ಲಾರಿಗಳ ಮಧ್ಯೆ ಮಗುವನ್ನು ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು.

ಮರುದಿನ ರಾಕೇಶನೇ ಬಂದಿದ್ದ. ಕೊಪ್ಪಕ್ಕೂ ಶೃಂಗೇರಿಗೂ ಇಂಥದೇ ಕುರ್ಚಿ ಹಾಕಿಸುವುದಿತ್ತು, ಕ್ಯಾಮರಾದ ಎತ್ತರ ಅಳೆಯುತ್ತಿದ್ದ. ನಿಮ್ಮ ಹತ್ತಿರ ಒಂದು ಮಾತು ಹೇಳುವುದಿದೆ ಎಂದಳು ಶಿಲ್ಪಶ್ರೀ. ಹೇಳಿ ಅಕ್ಕ, ಇದೊಂದು ಮುಗಿಸಿ ಬಂದೆ ಎಂದ ಅವನು. ಅವಳು ಮಾತುಗಳನ್ನು ನಾಲಿಗೆಯ ಮೇಲೆ ಜೋಡಿಸಿಕೊಂಡು ಕೂತಳು.

ಅಷ್ಟರಲ್ಲಿ ವ್ಯಾನು ಬಂತು. ಚೇತನಾ ಇವತ್ತೂ ಒಬ್ಬಳೇ ದಾಟಿ, ಬಸ್‌ಸ್ಟ್ಯಾಂಡಿಗೆ ಹೋಗುವ ಬದಲು ನೇರ ಅಂಗಡಿಯ ಮೆಟ್ಟಿಲಿಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು, ಒಳಗೆ ಬರಕೂಡದೆಂಬುದು ಅವಳಿಗೆ ಗೊತ್ತಿತ್ತು. ಬೆವರಿದ ಮುಖದಲ್ಲಿ ಕಣ್ಣು ಹೊಳೆಯುತ್ತಿತ್ತು. ಎರಡು ಹೆಜ್ಜೆ ಇಟ್ಟರೆ ಸಿಗುವಷ್ಟು ಹತ್ತಿರವಿದ್ದ ಮಗುವಿನ ಹಣೆ ಒರೆಸಲು ಶಿಲ್ಪಶ್ರೀ ಎದ್ದಳು.

"ಏಳ್ಬೇಡಮ್ಮ," ಎಂದಳು ಚೇತನಾ ಗಾಬರಿಯಿಂದ. "ವ್ಯಾನಲ್ಲಿ ಎಲ್ರಿಗೂ ತೋರ್ಸಿದೀನಿ, ನಮ್ಮಮ್ಮಂಗೆ ಕುರ್ಚಿ ಕೊಟ್ಟಿದಾರೆ ಅಂತ. ನೀ ಎದ್ರೆ ಬೇರೆಯವ್ರಿಗೆ ಕೊಟ್ಬಿಡ್ತಾರೆ. ನಾ ಒಬ್ಳೇ ದಾಟ್ತೀನಿ, ನೀ ಕೂತ್ಕೊ."

ಶಿಲ್ಪಶ್ರೀ ಕೂತಳು. ಮಗಳು ಬ್ಯಾಗು ಕುಣಿಸುತ್ತ ಬಸ್ಸಿನ ಕಡೆ ಹೋದಳು, ತಿರುಗಿ ನೋಡಲಿಲ್ಲ. ಅಳತೆ ಟೇಪು ಸುತ್ತಿಕೊಂಡು ರಾಕೇಶ ಹತ್ತಿರ ಬಂದು, ಏನೋ ಹೇಳಬೇಕು ಅಂದಿರಲ್ಲ ಶಿಲ್ಪಕ್ಕ ಎಂದು ಕೇಳಿದ. ಅವಳು ಬಾಯಿ ತೆರೆದು ರಸ್ತೆಯ ಕಡೆ ನೋಡಿದಳು.

"ಎಂತ ಇಲ್ಲ," ಎಂದಳು.