ಬೆಳಗಿನ ಕಷಾಯ

ಥೊಲಕೆಲೆ ಡೇರೆಯ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಕಪ್ಪು ಕಷಾಯವನ್ನು ಲೋಟಕ್ಕೆ ಬಗ್ಗಿಸಿಕೊಂಡಳು. ಮೂಗು ಹಿಡಿದು ಒಂದೇ ಉಸಿರಿಗೆ ಕುಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಅಲುಗಾಡದೆ ಕೂತಳು. ವಾಂತಿಯಾದರೆ ಇನ್ನೊಂದು ಲೋಟ ಕುಡಿಯಬೇಕೆಂದು ಔಷಧ ಕೊಟ್ಟವನು ಹೇಳಿದ್ದ.

ಡಿಸೆಂಬರಿನ ಬೇಸಿಗೆ ಬಿಸಿಲು ಏಳು ಗಂಟೆಗೇ ಮರಳನ್ನು ಕಾಯಿಸಿತ್ತು. ವುಸುಮುಜಿ ಗಾಡಿಯ ಹಿಂದೆ ಬಗ್ಗಿ ಗ್ಯಾಸ್ ಒಲೆ ಹಚ್ಚುತ್ತಿದ್ದ. ಹೆಂಡತಿ ಕಷಾಯ ಕುಡಿಯುವ ಹೊತ್ತಿಗೆ ಏನಾದರೊಂದು ಕೆಲಸ ಹುಡುಕಿಕೊಳ್ಳುವುದು ಎರಡು ವರ್ಷದಿಂದ ಅವನಿಗೆ ರೂಢಿಯಾಗಿಬಿಟ್ಟಿತ್ತು.

"ಒಳಗೆ ನಿಲ್ತು," ಎಂದಳು ಥೊಲಕೆಲೆ, ನಗುತ್ತಾ. "ಈ ಸಲ ನಿಲ್ತು ನೋಡು. ಸಮುದ್ರದ ಗಾಳಿ ಇರ್ಬೇಕು."

"ಇವತ್ತೊಂದಿನ ಬಿಟ್ಟಿದ್ರೆ ಆಗ್ತಿರ್ಲಿಲ್ವಾ? ರಜಕ್ಕೆ ಬಂದಿದ್ದೀವಿ."

"ನಿಮ್ಮಮ್ಮ ಫೋನ್ ಮಾಡಿ ಕೇಳಿದ್ರೆ ಯಾರು ಉತ್ತರ ಕೊಡೋದು? ನೀನಾ?"

ಅವನು ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿಗೆ ನೀರಿಟ್ಟ.

ಮದುವೆಯಾದ ವರ್ಷವೇ ಅವನು ಮಾತು ಕೊಟ್ಟಿದ್ದ, ಕಡಲ ದಂಡೆಗುಂಟ ಮೊಜಾಂಬಿಕ್ ಗಡಿಯವರೆಗೂ ಕರೆದುಕೊಂಡು ಹೋಗುತ್ತೇನೆ, ದಿನಕ್ಕೊಂದು ಕಡೆ ಡೇರೆ ಹಾಕೋಣ ಎಂದು. ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಫ್ರಿಜ್ ರಿಪೇರಿ ಮಾಡುವ ಅಂಗಡಿಯವನಿಗೆ ಬೇಸಿಗೆಯಲ್ಲಿ ರಜ ಎಲ್ಲಿಯದು? ಹಾಗೆ ಹತ್ತು ವರ್ಷ ಕಳೆದ ಮೇಲೆ, ಈ ಸಲ ಅಂಗಡಿ ಮುಚ್ಚಿ ಹೊರಟಿದ್ದ. ಮಕ್ಕಳಾಗಿರಲಿಲ್ಲ. ವುಸುಮುಜಿ ಎಂದರೆ ಮನೆಯನ್ನು ಎತ್ತಿ ನಿಲ್ಲಿಸುವವನು ಎಂದರ್ಥ. ಮೂರು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಒಬ್ಬನೇ ಮಗನಿಗೆ ಅಪ್ಪ ಆಸೆಪಟ್ಟು ಇಟ್ಟ ಹೆಸರು. ಈಸ್ಟರ್ ಹಬ್ಬದೊಳಗೆ ಸೊಸೆ ಬಸುರಾಗದಿದ್ದರೆ ಎರಡನೆಯ ಹುಡುಗಿಯನ್ನು ತರುವುದೆಂದು ಅಮ್ಮ ತೀರ್ಮಾನಿಸಿದ್ದಳು. ಹುಡುಗಿಯೂ ಗೊತ್ತಾಗಿದ್ದಳು. ಬರುವ ಭಾನುವಾರ ಸೋದರಮಾವ ಆ ಹುಡುಗಿಯ ಮನೆಗೆ ಹೋಗಿ, ವಧುದಕ್ಷಿಣೆಗೆ ಎಷ್ಟು ದನ ಎಂದು ಮಾತು ತೆಗೆಯುವವನಿದ್ದ.

ಇವರಾರಿಗೂ ಗೊತ್ತಿಲ್ಲದ ಒಂದು ಸಂಗತಿ ವುಸುಮುಜಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಬಿಡಿಭಾಗ ತರುತ್ತೇನೆಂದು ಹೇಳಿ ಡರ್ಬನ್‌ಗೆ ಹೋದವನು, ಅಲ್ಲಿ ಒಬ್ಬ ಡಾಕ್ಟರ ಬಳಿ ಪರೀಕ್ಷೆ ಮಾಡಿಸಿಕೊಂಡಿದ್ದ. ಹುಡುಗನಾಗಿದ್ದಾಗ ಬಂದ ಕೆಪ್ಪಟರಾಯನ ಬಾವು ಅವನೊಳಗೆ ಮಗುವಾಗುವ ಬೀಜವನ್ನೇ ಉಳಿಸಿರಲಿಲ್ಲ. ಡಾಕ್ಟರು ಅದನ್ನು ಮೆತ್ತಗೇ ಹೇಳಿದ್ದರು. ವರದಿಯನ್ನು ಅವನು ಬಸ್ ನಿಲ್ದಾಣದಲ್ಲೇ ಹರಿದು ಹಾಕಿದ್ದ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ಬಂದ. ಬೆಳಗಾದರೆ ಅವಳು ಲೋಟ ಹಿಡಿದು ಕೂತಿರುತ್ತಿದ್ದಳು.

ಮುದ್ದೆ ಬೇಯುವಷ್ಟರಲ್ಲಿ ಅಮ್ಮನ ಫೋನ್ ಬಂತು.

"ಕುಡಿದಳಾ?"

"ಹೂಂ."

"ಪೂರ್ತಿ ಕುಡಿದಳೋ, ಚೆಲ್ಲಿದಳೋ? ನಾನು ಕೆಟ್ಟವಳಲ್ಲ ಕಣೋ ವೂಸಿ. ಮೂರು ಹೆಣ್ಣು ಹೆತ್ತಾಗ ನಾನೂ ಮಾತು ಕೇಳಿದವಳೇ. ನಿಮ್ಮಪ್ಪ ಸಾಯೋವಾಗ ನನ್ನ ಕೈ ಹಿಡ್ಕೊಂಡು, ಮನೆ ಖಾಲಿ ಬಿಡ್ಬೇಡ ಅಂದ್ರು. ನಾಳೆ ನಾನು ಸತ್ತು ಹೋದ್ಮೇಲೆ ಅವರಿಗೆ ಏನಂತ ಹೇಳ್ಲಿ?"

ಅವನು ಫೋನ್ ಇಟ್ಟ. ತಿಂಡಿ ಮುಗಿಸಿ ಡೇರೆ ಮಡಚಿದ ಮೇಲೆ ಥೊಲಕೆಲೆ ಚಪ್ಪಲಿ ಹಾಕಿಕೊಳ್ಳಲು ಹೋದಳು, ಪಾದ ಒಳಗೆ ಹೋಗಲಿಲ್ಲ. ಕಣಕಾಲು ಊದಿ ಮಿಣಮಿಣ ಎನ್ನುತ್ತಿತ್ತು.

"ಬಿಸಿಲಿಗೆ," ಎಂದು ಅವಳೇ ಹೇಳಿ ಬರಿಗಾಲಲ್ಲೇ ಗಾಡಿ ಹತ್ತಿದಳು.

ಉತ್ತರಕ್ಕೆ ಸಾಗಿದ ಹಾಗೆಲ್ಲ ಕಬ್ಬಿನ ಗದ್ದೆ ಮುಗಿದು ನೀಲಗಿರಿ ತೋಪು ಬಂತು. ಅದೂ ಮುಗಿದು ಮರಳು ದಾರಿ ಬಂತು. ಥೊಲಕೆಲೆ ಕಿಟಕಿಗೆ ಕೈ ಊರಿಕೊಂಡು ಕೂತಿದ್ದಳು. ದಾರಿಬದಿಯಲ್ಲಿ ಅನಾನಸು ಕೊಂಡರೂ ಒಂದು ಹೋಳಿಗಿಂತ ಹೆಚ್ಚು ಅವಳಿಗೆ ಸೇರಲಿಲ್ಲ.

"ಒಂದು ಮಾತು ನಡೆಸಿಕೊಡು," ಎಂದಳು. "ಆ ಹುಡುಗಿ ಬಂದ ಮೇಲೆ ಅವಳನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು. ಈ ದಾರೀಲಿ ಮಾತ್ರ ಬೇಡ. ಇದು ನಂದು."

"ಯಾರೂ ಬರಲ್ಲ."

"ಬರ್ತಾಳೆ. ಪಾಪ, ಅವಳಿಗಿನ್ನೂ ಇಪ್ಪತ್ತೊಂದಂತೆ. ಆಮೇಲೆ ಅವಳೂ ಕುಡೀಬೇಕಾಗತ್ತೇನೋ." ಅವಳು ನಕ್ಕಳು. "ನಾನೇ ಹೇಳಿಕೊಡ್ತೀನಿ ಬಿಡು, ಮೂಗು ಹೆಂಗೆ ಹಿಡ್ಕೋಬೇಕು ಅಂತ."

ವುಸುಮುಜಿ ಗಾಡಿ ನಿಲ್ಲಿಸಿ ಹೇಳಿಬಿಡಬೇಕೆಂದುಕೊಂಡ. ಮುಂದಿನ ತಿರುವು ದಾಟಲಿ ಎಂದುಕೊಂಡ. ತಿರುವು ಬಂತು, ಹೋಯಿತು.

ಮೂರನೆಯ ದಿನ ಮಧ್ಯಾಹ್ನ, ಕೋಸಿ ಸರೋವರದ ಹತ್ತಿರ ಅವನು ಡೇರೆಯ ಗೂಟ ಹೊಡೆಯುತ್ತಿದ್ದ. ನೀರು ತರಲು ಹೋದ ಥೊಲಕೆಲೆ ನಲ್ಲಿಯ ಬಳಿಯೇ ಕುಸಿದುಬಿದ್ದಳು. ಅವಳನ್ನು ಎತ್ತಿಕೊಂಡಾಗ ಬಾಯಿಂದ ಒಂಥರಾ ಕಹಿ ವಾಸನೆ ಬಂತು. ಅವನ ಗುರುತು ಹಿಡಿಯುವುದಕ್ಕೂ ಅವಳಿಗೆ ಹೊತ್ತು ಹಿಡಿಯಿತು.

ಹತ್ತಿರದ ಆಸ್ಪತ್ರೆಯಲ್ಲಿ ಸಂಜೆಯವರೆಗೆ ರಕ್ತ, ಮೂತ್ರ ಎಂದು ಓಡಾಡಿದರು. ವಾರ್ಡಿನಲ್ಲಿ ಆರು ಹಾಸಿಗೆಗಳಿದ್ದವು. ಹಿರಿಯ ನರ್ಸ್ ಖುಮಾಲೊ ಅಮ್ಮ ಕನ್ನಡಕ ಒರೆಸಿಕೊಳ್ಳುತ್ತಾ ಬಂದು ಥೊಲಕೆಲೆಯ ಮಂಚದ ಅಂಚಿನಲ್ಲೇ ಕೂತಳು.

"ಏನಮ್ಮಾ ಕುಡೀತಿದ್ದೆ?"

"ಮಕ್ಕಳಾಗೋಕೆ ಔಷಧ."

"ಎಷ್ಟು ದಿನದಿಂದ?"

"ಆರು ವರ್ಷ. ಬೇರೆ ಬೇರೆಯವರ ಹತ್ರ. ದಿನಾ ಬೆಳಿಗ್ಗೆ."

ಖುಮಾಲೊ ಅಮ್ಮ ಕನ್ನಡಕವನ್ನು ಮೂಗಿಗೇರಿಸಿದಳು. "ನಮ್ಮಜ್ಜಿಯೂ ಬೇರು ಕೊಡ್ತಿದ್ದಳು, ನಾನು ಬೈಯಲ್ಲ. ಇದರಿಂದಲೇ ಆಯ್ತು ಅಂತ ಕಾಗದದಲ್ಲಿ ಬರೆಯೋದಕ್ಕೂ ಡಾಕ್ಟರಿಗೆ ಆಗಲ್ಲ. ಆದ್ರೆ ನಿನ್ನ ಎರಡೂ ಮೂತ್ರಪಿಂಡ ಹೆಚ್ಚುಕಡಿಮೆ ಮುಗಿದುಹೋಗಿವೆ ಮಗಳೇ. ರಕ್ತ ಶುದ್ಧಿ ಮಾಡೋ ಯಂತ್ರ ದೊಡ್ಡ ಊರಲ್ಲಿದೆ, ನಿನ್ನ ಹೆಸರು ಬರೆಸ್ತೀವಿ. ಸರದಿ ಉದ್ದ ಇದೆ, ಸುಳ್ಳು ಹೇಳಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ಮಕ್ಕಳಾಗದ್ದಕ್ಕೆ ನೀನೂ ಪರೀಕ್ಷೆ ಮಾಡಿಸಿದ್ದೀಯೇನಪ್ಪಾ?"

ಕಿಟಕಿಯಿಂದ ಇಳಿಬಿಸಿಲು ನೇರ ಅವನ ಮುಖಕ್ಕೆ ಬೀಳುತ್ತಿತ್ತು.

"ಮಾಡಿಸಿಲ್ಲ ಅವರು," ಎಂದಳು ಥೊಲಕೆಲೆ, ಅವನನ್ನು ಕಾಪಾಡುವವಳ ಹಾಗೆ. "ಅವರ ಮನೇಲಿ ಯಾರಿಗೂ ಅಂಥದ್ದಿಲ್ಲ."

"ಮಾಡಿಸಿದ್ದೀನಿ," ಎಂದ ವುಸುಮುಜಿ. "ಎರಡು ವರ್ಷ ಆಯ್ತು. ದೋಷ ನನ್ನಲ್ಲೇ ಇರೋದು. ಯಾವ ಔಷಧದಿಂದ್ಲೂ ಆಗ್ತಿರ್ಲಿಲ್ಲ."

ಪಕ್ಕದ ಹಾಸಿಗೆಯ ಮುದುಕಿ ಕೆಮ್ಮುವುದನ್ನು ನಿಲ್ಲಿಸಿದಳು. ಥೊಲಕೆಲೆ ಅವನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಎರಡು ವರ್ಷ," ಎಂದಳು. "ನಾನು ಕುಡಿಯೋವಾಗ ನೀನು ಅಲ್ಲೇ ಇರ್ತಿದ್ದೆ."

"ಇರ್ತಿದ್ದೆ."

"ವಾಂತಿ ಆದಾಗ ಬೆನ್ನು ಸವರ್ತಿದ್ದೆ."

ಅವಳು ಗೋಡೆಯ ಕಡೆ ಹೊರಳಿದಳು. ಖುಮಾಲೊ ಅಮ್ಮ ಹೊದಿಕೆ ಸರಿಪಡಿಸಿ, ಯಾರನ್ನೂ ನೋಡದೆ ಎದ್ದುಹೋದಳು.

ಮರುದಿನ ಬೆಳಿಗ್ಗೆ ವುಸುಮುಜಿ ಫೋನ್ ಹಿಡಿದು ಹೊರಡಲು ಎದ್ದ.

"ಅಮ್ಮನಿಗೆ ಹೇಳಿ ಬರ್ತೀನಿ."

"ಹೊರಗೆ ಹೋಗ್ಬೇಡ. ಇಲ್ಲೇ ಹೇಳು," ಎಂದಳು. ಅವಳ ದನಿ ತರಗೆಲೆಯಷ್ಟು ಹಗುರಾಗಿತ್ತು. "ನನಗೆ ಕೇಳಿಸ್ಬೇಕು. ಇವರಿಗೂ ಕೇಳಿಸ್ಲಿ."

ಅವನು ಸ್ಪೀಕರ್ ಒತ್ತಿದ. ಅವನು ಹೇಳಿದ್ದನ್ನೆಲ್ಲ ಅಮ್ಮ ಕೇಳಿಸಿಕೊಂಡಳು.

"ಅವಳು ಹೇಳಿಕೊಟ್ಟಳಾ?"

"ಇಲ್ಲಮ್ಮ. ಡಾಕ್ಟರು ಹೇಳಿದ್ದು. ನಾನೇ ಮುಚ್ಚಿಟ್ಟಿದ್ದೆ."

"ಹಾಗಿದ್ರೆ ಮುಚ್ಚೇ ಇರ್ಲಿ. ಇನ್ನು ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಿನ್ನ ಅಪ್ಪನ ಹೆಸರು..." ದನಿ ಒಡೆಯಿತು. ಫೋನ್ ಕಡಿದುಹೋಯಿತು.

ವುಸುಮುಜಿ ಸೋದರಮಾವನ ನಂಬರು ಒತ್ತಿದ. ಭಾನುವಾರ ಹೋಗುವುದು ಬೇಡವೆಂದ, ಯಾಕೆಂದು ಹೇಳಿದ. ಮಾವ "ಗಂಡಸಾಗಿ ಇಂಥ ಮಾತಾಡ್ತೀಯಲ್ಲೋ!" ಎಂದು ಕೂಗಾಡಿದ. ವುಸುಮುಜಿ ಅದೇ ಮಾತನ್ನು ಇನ್ನೊಂದು ಸಲ ಹೇಳಿದ. ಆಮೇಲೆ ಮೂವರು ಅಕ್ಕಂದಿರಿಗೆ ಒಬ್ಬೊಬ್ಬರಿಗಾಗಿ ಹೇಳಿದ. ಒಬ್ಬಳು ಅತ್ತಳು. ಒಬ್ಬಳು ನಂಬಲಿಲ್ಲ. ಕೊನೆಯವಳು "ಥೊಲಾಗೆ ಫೋನ್ ಕೊಡು" ಎಂದಳು. ಥೊಲಕೆಲೆ ಬೇಡವೆಂದು ತಲೆಯಾಡಿಸಿದಳು.

"ನಿಮ್ಮಮ್ಮನಿಗೆ ಹೇಳ್ಲಾ?" ಎಂದು ಕೇಳಿದ.

"ನಮ್ಮಮ್ಮನಿಗೆ ನಾನೇ ಹೇಳ್ತೀನಿ." ಉಸಿರು ಹಿಡಿಯಲು ಅವಳು ನಿಲ್ಲಿಸಿದಳು. "ಬದುಕಿದ್ರೆ ನಿನ್ನ ಮನೆಗೆ ಬರಲ್ಲ ವೂಸಿ. ನಮ್ಮಮ್ಮನ ಹತ್ರ ಹೋಗ್ತೀನಿ."

"ಕರ್ಕೊಂಡು ಹೋಗಿ ಬಿಡ್ತೀನಿ."

ಹೊರಗೆ ಆಗಲೇ ಬಿಸಿಲು ಏರಿತ್ತು. ರಜಕ್ಕೆ ಬಂದವರ ಗಾಡಿಗಳು, ಮೇಲೆ ದೋಣಿ ಕಟ್ಟಿಕೊಂಡು, ಕಡಲ ಕಡೆ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಥೊಲಕೆಲೆ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಹೋದಳೆಂದುಕೊಂಡು ಅವನು ಫೋನನ್ನು ಜೇಬಿಗೆ ಇಳಿಸುತ್ತಿದ್ದ.

"ಚರ್ಚಿನ ತಾಯಂದಿರ ಸಂಘದ ಅಧ್ಯಕ್ಷೆ," ಎಂದಳು ಅವಳು, ಕಣ್ಣು ತೆರೆಯದೆ. "ಯಾರದೋ ಮಗುವಿಗೆ ಹೆಸರಿಡೋ ದಿನ, ಬಂಜೆ ಅಂತ ನನ್ನ ಕೈಗೆ ಮಗು ಕೊಡಬಾರದು ಅಂದವರು."

ಅವನು ನಂಬರು ಹುಡುಕಿ ಒತ್ತಿದ. ಫೋನನ್ನು ಅವಳ ದಿಂಬಿನ ಪಕ್ಕ ಇಟ್ಟ. ನಾಲ್ಕು ಸಲ ರಿಂಗಾದ ಮೇಲೆ ಆ ಕಡೆಯಿಂದ ಹೆಂಗಸಿನ ದನಿ ಕೇಳಿತು, "ಯಾರು?"

"ನಾನು ಥೊಲಕೆಲೆಯ ಗಂಡ," ಎಂದ ವುಸುಮುಜಿ. "ಅವಳ ವಿಷಯದಲ್ಲಿ ನೀವೆಲ್ಲ ತಿಳಿದುಕೊಂಡಿದ್ದು ತಪ್ಪು. ಒಂದೈದು ನಿಮಿಷ ಕೇಳ್ತೀರಾ?"