ಹೃದಯದ ಮೇಷ್ಟ್ರ ಮನೆಪಾಠ

ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳುವ ಬದಲು ಮಣಿಕಟ್ಟು ಹಿಡಿದು ನಾಡಿ ಎಣಿಸುವ ಗಂಡನೊಂದಿಗೆ ಮೂವತ್ತೆಂಟು ವರ್ಷ ಸಂಸಾರ ಮಾಡುವುದೆಂದರೆ ಹುಡುಗಾಟವಲ್ಲ. ಮಗಳು ತಾನು ಮೆಚ್ಚಿದವನನ್ನು ಮನೆಗೆ ಕರೆತಂದ ದಿನವೂ ಈ ಮಹಾನುಭಾವರು ಅವನ ಕೈ ಹಿಡಿದು, ಗಡಿಯಾರ ನೋಡಿ, "ನೂರಾ ನಾಲ್ಕು. ಅಂದ್ರೆ ಏನು? ಹುಡುಗ ನಿಜವಾಗ್ಲೂ ಹೆದರಿದಾನೆ, ಒಳ್ಳೆಯವನೇ" ಎಂದು ತೀರ್ಪು ಕೊಟ್ಟಿದ್ದರು. ಹೆಂಡತಿಗೆ ನಾಚಿಕೆಯಿಂದ ಭೂಮಿಗಿಳಿದುಹೋಗುವಂತಾಗಿತ್ತು.

ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಅವರು ಎಲ್ಲರ ಬಾಯಲ್ಲೂ ಹೃದಯದ ಮೇಷ್ಟ್ರು. ತುಸು ಮುಂದಕ್ಕೆ ಬಾಗಿದ, ಅವಸರವೆಂಬುದನ್ನೇ ಅರಿಯದ ನಡಿಗೆ. ಒಂದು ಜೇಬಿನಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ ಸೀಮೆಸುಣ್ಣ ತುಂಬಿ ಎರಡೂ ಕಡೆ ಜೋತುಬಿದ್ದ ಬಿಳಿಯ ಕೋಟು. ಒಗೆದೊಗೆದು ಹೆಂಡತಿಯ ರಟ್ಟೆ ಬಿದ್ದುಹೋದರೂ ಹೋಗದ ಅದರ ಕಲೆ. ಶುದ್ಧರಕ್ತಕ್ಕೆ ಕೆಂಪು, ಅಶುದ್ಧರಕ್ತಕ್ಕೆ ನೀಲಿ. ಹೃದಯಕ್ಕೆ ರಕ್ತ ತರುವ ಅಭಿಧಮನಿಗಳೆಲ್ಲ ನೀಲಿಯಾದರೂ ಶ್ವಾಸಕೋಶದಿಂದ ಮರಳುವುದು ಮಾತ್ರ ಕೆಂಪು. ಅದಕ್ಕೆ ನೀಲಿ ಬಳಿದ ವಿದ್ಯಾರ್ಥಿ ಅವರ ಕೈಯಲ್ಲಿ ಪಾಸಾದದ್ದೇ ಇಲ್ಲ. ಮನೆಯಲ್ಲಿ ಉತ್ತರಪತ್ರಿಕೆ ತಿದ್ದುವಾಗ ಅವರ ಗೊಣಗಾಟವೂ ಅದೊಂದೇ.

ಅಂಥವರ ಹೆಂಡತಿಯ ಹೃದಯದಲ್ಲೇ ಒಂದು ಕವಾಟ ಕಿರಿದಾಗಿದೆ, ಶಸ್ತ್ರಚಿಕಿತ್ಸೆಯಾಗದೆ ಹೆಚ್ಚು ದಿನ ಉಳಿಗಾಲವಿಲ್ಲ ಎಂದು ವೈದ್ಯೆ ಹೇಳಿದಾಗ, "ನನ್ನೆದೆ ಕೊಯ್ಯೋದು ಬೇಡವೇ ಬೇಡ" ಎಂದು ಆಕೆ ಒಪ್ಪಿಗೆಪತ್ರವನ್ನು ಮಡಿಚಿಟ್ಟು ಕೂತುಬಿಟ್ಟರು. ಮಗಳು ಅತ್ತಳು, ಗೋಗರೆದಳು. ಹೀಗೇ ಮೂರು ದಿನ ಕಳೆಯಿತು. ನಾಲ್ಕನೆಯ ಬೆಳಿಗ್ಗೆ ಮೇಷ್ಟ್ರು ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಸೀಮೆಸುಣ್ಣದಿಂದ ಹೃದಯದ ಚಿತ್ರ ಬರೆಯತೊಡಗಿದರು.

"ನಾಲ್ಕು ಕೋಣೆ. ಒಂದೇ ಕಡೆಗೆ ತೆರೆಯೋ ಬಾಗಿಲು. ಅಂದ್ರೆ ಏನು? ಹೋದ ರಕ್ತ ಹಿಂದಕ್ಕೆ ಬರೋ ಹಾಗಿಲ್ಲ. ನಿನ್ನದು ಈ ಬಾಗಿಲು ಸರಿಯಾಗಿ ತೆರೀತಿಲ್ಲ ಕಣೇ..."

ಶ್ವಾಸಕೋಶದಿಂದ ಹೃದಯಕ್ಕೆ ಒಂದು ಗೆರೆ ಎಳೆದರು. ನೀಲಿ. ನೋಡಿ, ಅಂಗೈಯಿಂದ ಒರೆಸಿ, ಮತ್ತೆ ಎಳೆದದ್ದೂ ನೀಲಿಯೇ.

"ಅಲ್ಲಿ ಕೆಂಪು ಬರಬೇಕಲ್ವೇನ್ರೀ?" ಎಂದರು ಹೆಂಡತಿ.

ಮೇಷ್ಟ್ರು ತಲೆಯೆತ್ತದೆ ಅದನ್ನೂ ಒರೆಸಿದರು. ಮೂರನೆಯ ಸಲ ಎಳೆದದ್ದೂ ನೀಲಿಯೇ. ಅಯ್ಯೋ, ಈ ಮನುಷ್ಯ ನನಗಿಂತ ಹೆದರಿದ್ದಾರಲ್ಲ ಎನ್ನಿಸಿತು ಆಕೆಗೆ. ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ನೆಲಕ್ಕೆ ಕೂತರು.

"ಅಲ್ಲ, ಊರಿಗೆಲ್ಲ ರಕ್ತ ಹಂಚೋ ಇದಕ್ಕೆ ರಕ್ತ ಕೊಡೋರು ಯಾರು?"

"ಅದಕ್ಕೂ ಅದೇ ಕೊಟ್ಟುಕೋಬೇಕು. ಬಡಿಯುವಾಗ ಆಗಲ್ಲ. ಎರಡು ಬಡಿತದ ಮಧ್ಯೆ ಒಂದು ಗಳಿಗೆ ಸುಮ್ಮನಾಗುತ್ತಲ್ಲ, ಹೆಚ್ಚಿನದೆಲ್ಲ ಆಗಲೇ ಅದಕ್ಕೆ ಸೇರೋದು."

"ಸರಿ ಬಿಡಿ, ನಾನೂ ಸ್ವಲ್ಪ ದಿನ ಸುಮ್ಮನೆ ಮಲಗ್ತೀನಿ. ಎಲ್ಲಿ ಸಹಿ ಹಾಕಬೇಕು ತೋರಿಸಿ."

ಮೇಷ್ಟ್ರು ಅತ್ತರು, ಸದ್ದಿಲ್ಲದೆ, ಸೀಮೆಸುಣ್ಣದ ಕೈಯಿಂದಲೇ ಕಣ್ಣೊರೆಸಿಕೊಂಡು.

ಲೋಕದಲ್ಲಿ ಇಂಥದೊಂದು ಜಾತಿಯ ಜನರಿದ್ದಾರೆ: ಬದುಕಿಡೀ ಒಂದೇ ವಿಷಯ ಬಲ್ಲವರು, ಪ್ರೀತಿ ಉಕ್ಕಿದರೂ ಅದನ್ನೇ ಹೇಳುವವರು, ಜೀವ ಹೋಗುವಷ್ಟು ಭಯವಾದರೂ ಅದನ್ನೇ. ಅವರು ಪಾಠ ಶುರುಮಾಡಿದಾಗ ಪಕ್ಕದಲ್ಲಿ ಹೋಗಿ ಕೂರಬೇಕು, ಅಷ್ಟೆ.